ಕಿಟಕಿಗೆ ಹಿಡಿದ ಎರಡು ಹಾಳೆ

ಕೊಯಮತ್ತೂರಿನ ನಮ್ಮ ಸಣ್ಣ ಕಂಪನಿಯಲ್ಲಿ ಬಾಯ್ಲರ್‌ಗಳನ್ನು ಕಾಯುವ, ಒತ್ತಡ ಮೀರಿದರೆ ಸೈರನ್ ಕೂಗಿಸುವ ಪೆಟ್ಟಿಗೆ ತಯಾರಿಸುತ್ತಿದ್ದೆವು. ಅದರ ಪ್ರೋಗ್ರಾಂ ಪರೀಕ್ಷಿಸುವವರು ತಿಲಕವತಿ ಅಕ್ಕ. ಒಂದೇ ಪ್ರೋಗ್ರಾಂ ಅನ್ನು ಹಳೆಯ ಯಂತ್ರದಲ್ಲೂ ಹೊಸದರಲ್ಲೂ ಓಡಿಸಿ, ಅವು ಮುದ್ರಿಸಿದ ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಹಿಡಿಯುತ್ತಿದ್ದರು. ಒಂದು ಅಂಕಿ ಬೇರೆಯಾದರೂ ಬೆಳಕಿನಲ್ಲಿ ಕಪ್ಪಗೆ ಎದ್ದು ಕಾಣುತ್ತಿತ್ತು.

ಮೆಮೊರಿಯ ಒಂದೇ ವಿಳಾಸವನ್ನು ಒಂದು ಯಂತ್ರ ಸಣ್ಣಕ್ಷರದಲ್ಲಿ ಮುದ್ರಿಸಿದರೆ ಇನ್ನೊಂದು ಮುಂದೆ ಸೊನ್ನೆಗಳನ್ನು ಸೇರಿಸುತ್ತದೆ. ದೊಡ್ಡ ಸಂಖ್ಯೆಗಳದ್ದೂ ಅದೇ ಪಾಡು. ಎಲ್ಲ ಯಂತ್ರಗಳಲ್ಲೂ ಒಂದೇ ರೂಪದಲ್ಲಿ ಬರಲೆಂದು ಅಕ್ಕ ಪ್ರೋಗ್ರಾಂನಲ್ಲಿ ಹತ್ತು ಸಾಲು ಬರೆದಿಟ್ಟಿದ್ದರು.

ಶಸ್ತ್ರಚಿಕಿತ್ಸೆಗೆಂದು ಅವರು ರಜೆಯಲ್ಲಿದ್ದಾಗ ಮ್ಯಾನೇಜರ್ ಅನ್ಬಳಗನ್ ಆ ಸಾಲುಗಳು ದಂಡ ಎಂದರು. ತೆಗೆದವಳು ನಾನು. ಆಮೇಲೆ ಹಾಳೆಗಳ ಒಂದು ಸಾಲೂ ಹೊಂದಲಿಲ್ಲ. "ವಿಳಾಸ ಎಲ್ಲಿ ಹೊಂದುತ್ತಮ್ಮಾ? ಬಿಟ್ಟಾಕು" ಎಂದರು ಮ್ಯಾನೇಜರ್. ಬಿಟ್ಟೆ. ಪೆಟ್ಟಿಗೆ ತಿರುಪ್ಪೂರಿನ ಬಣ್ಣದ ಕಾರ್ಖಾನೆಗೆ ಹೋಯಿತು. ಅಲ್ಲಿ ಬಾಯ್ಲರ್ ನೋಡಿಕೊಳ್ಳುವವನು ಅಕ್ಕನ ತಮ್ಮ ಮರುದಮುತ್ತು.

ಪೆಟ್ಟಿಗೆ ಅಲ್ಲಿ ಚಾಲೂ ಆದ ಐವತ್ತನೆಯ ದಿನ ಬೆಳಿಗ್ಗೆ ಅಕ್ಕ ಕೆಲಸಕ್ಕೆ ಮರಳಿದರು. ಆ ಹಾಳೆಗಳನ್ನು ಗಾಜಿಗೆ ಹಿಡಿದು ಬಹಳ ಹೊತ್ತು ನಿಂತರು. ಹೊಂದದ ವಿಳಾಸಗಳ ನಡುವೆ ಒಂದು ಸಂಖ್ಯೆ ಅಡಗಿತ್ತು: ಪೆಟ್ಟಿಗೆ ಚಾಲೂ ಆಗಿ ಎಷ್ಟು ಹೊತ್ತಾಯಿತು ಎಂಬ ಲೆಕ್ಕ. ಪೆಟ್ಟಿಗೆಯೊಳಗೂ ಇದ್ದ ಹೊಸ ಯಂತ್ರದಲ್ಲಿ ಅದರ ಮುಂದಿನ ಅಂಕಿಗಳೇ ಇರಲಿಲ್ಲ. ಲೆಕ್ಕ ಒಂದು ಮಿತಿ ದಾಟಿದರೆ ಮತ್ತೆ ಸೊನ್ನೆಯಿಂದಲೇ ಶುರುವಾಗುತ್ತದೆ. ಚಾಲೂ ಆದ ಮೊದಲ ಗಂಟೆ ಸೈರನ್ ಸುಮ್ಮನೆ ಕೂಗದಿರಲೆಂದು ನಾವೇ ಅದರ ಬಾಯಿ ಕಟ್ಟಿದ್ದೆವು. ಸೊನ್ನೆ ಕಂಡರೆ ಅದು ಮತ್ತೆ ಒಂದು ಗಂಟೆ ಮೂಕ.

"ಯಾವಾಗ ಹಚ್ಚಿದ್ರು ಅದನ್ನ?"

ದಾಖಲೆ ನೋಡಿ ಹೇಳಿದೆ. ಅಕ್ಕ ಹಾಳೆಯ ಅಂಚಿನಲ್ಲೇ ಲೆಕ್ಕ ಹಾಕಿದರು. ಅದು ಸೊನ್ನೆಯಾಗುವುದು ಇವತ್ತೇ, ಹನ್ನೊಂದು ಗಂಟೆ ಎರಡು ನಿಮಿಷಕ್ಕೆ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಐದು. ಅಕ್ಕ ತಮ್ಮನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟು, ಸೈರನ್ ಏನಾದರೂ ಕೂಗಿತಾ ಎಂದು ಕೇಳಿದರು.

"ಸೈರನ್ನಾ? ಹತ್ತು ನಿಮಿಷದಿಂದ ತಲೆ ತಿಂತಿತ್ತಕ್ಕಾ," ಎಂದ ಮರುದಮುತ್ತು. "ಏಣಿ ಹತ್ತಿ ನೋಡೋಣ ಅನ್ನೋಷ್ಟರಲ್ಲಿ ತಾನೇ ನಿಂತ್ಹೋಯ್ತು. ನಿನ್ ಪೆಟ್ಟಿಗೆ ನಿನಗಿಂತ ಒಳ್ಳೇದು, ಬೇಗ ಸುಮ್ಮನಾಗುತ್ತೆ. ಟೀ ಕುಡೀತಿದೀನಿ."

"ಮರುದು, ಲೋಟ ಕೆಳಗಿಡು. ಎಲ್ರನ್ನೂ ಕರ್ಕೊಂಡು ಹೊರಗೆ ನಡಿ."

"ಬೆಂಕಿ ಆರಿಸ್ದೇನಾ? ಒಂದ್ನಿಮಿಷ."

"ಬೇಡ," ಎಂದರು ಅಕ್ಕ.

ಲೋಟ ಇಟ್ಟ ಸದ್ದು ಕೇಳಿತು. ಆಮೇಲೆ ಚಪ್ಪಲಿ ಸದ್ದು. ಅದು ಹೋಗಿದ್ದು ಹೊರಗಿನ ಕಡೆಗಲ್ಲ: ಬಾಯ್ಲರಿನ ಗುಡುಗುಡು ಹೆಜ್ಜೆಹೆಜ್ಜೆಗೂ ಜೋರಾಗುತ್ತಾ ಬಂತು.