ಅಕ್ಕನ ದನಿ ತೆಗೆದ ಚಿತ್ರ

ಮಣಿಪಾಲದ ಕಾಲೇಜಿನ ಕ್ಯಾಂಪಸ್ಸಿನಲ್ಲಿ ಕಿರುಚಿತ್ರಗಳ ಉತ್ಸವ ಹತ್ತಿರವಾಯಿತೆಂದರೆ ನನ್ನ ಭಾನುವಾರಗಳು ಮುಗಿದವು ಎಂದೇ ಅರ್ಥ. ದೂರದ ಊರುಗಳಿಂದ ಓದಲು ಬಂದ ಹುಡುಗ ಹುಡುಗಿಯರು ಇಲ್ಲಿಯ ಜನರನ್ನು ಮಾತಾಡಿಸಿ ಸಾಕ್ಷ್ಯಚಿತ್ರ ಮಾಡುತ್ತಾರೆ. ನಮ್ಮವರು ಕ್ಯಾಮೆರಾ ಕಂಡರೆ ಕನ್ನಡದಲ್ಲಿ ಶುರುಮಾಡಿ, ಮಾತಿಗೆ ಬಿಸಿ ಏರಿದ ಮೇಲೆ ತುಳುವಿಗೆ ಇಳಿಯುತ್ತಾರೆ. ಇಳಿದದ್ದನ್ನು ಬಿಡಿಸಿ ಬರೆದುಕೊಡಲು ಯಾರಾದರೂ ಬೇಕು. ನಾನು ಕಾರ್ಕಳದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವವಳು, ಮನೆ ಅಲೆವೂರಿನಲ್ಲಿ, ಮನೆಮಾತು ತುಳು, ಇಲ್ಲ ಎನ್ನಲು ಬಾರದವಳು. ಈ ಕೊನೆಯ ಸಂಗತಿ ಒಂದು ತಂಡದಿಂದ ಮುಂದಿನ ತಂಡಕ್ಕೆ ದಾಟುತ್ತಾ ಬಂದಿದೆ.

ಚಿತ್ರಗಳನ್ನು ನೋಡಿ ನೋಡಿ ದಣಿದಿದ್ದೇನೆ. ಹೆಚ್ಚಿನವು ಡ್ರೋನಿನಲ್ಲಿ ಹಿಡಿದ ಕಡಲಿನಿಂದ ಶುರುವಾಗಿ, ಬೆನ್ನು ತೋರಿಸಿ ನಡೆದುಹೋಗುವ ಯಾರೋ ಮುದುಕರಲ್ಲಿ ಮುಗಿಯುತ್ತವೆ. ನಡುವಿನ ಮಾತುಗಳಿಗೆ ನಾನು ಸಬ್‌ಟೈಟಲ್ ಬರೆಯುತ್ತೇನೆ. ಒಬ್ಬರ ಮಾತನ್ನೇ ಹತ್ತಾರು ಸಲ ಹಿಂದೆ ಮುಂದೆ ಮಾಡಿ ಕೇಳಬೇಕು. ಆಗ ಅವರು ನಿಜಕ್ಕೂ ಹೇಳಿದ್ದು ಯಾವುದು, ನಾನು ಸೇರಿಸಿದ್ದು ಯಾವುದು ಎಂಬುದು ಕಲಸಿಹೋಗುತ್ತದೆ. ಈ ಬರಹಕ್ಕೂ ಆ ಮಾತು ಸಲ್ಲುತ್ತದೆ. ಇದರಲ್ಲಿ ಬರುವ ಮನೆಯವರ ಮಾತೆಲ್ಲ ತುಳುವಿನದ್ದು. ಕನ್ನಡಕ್ಕೆ ತರುವಾಗ ಸ್ವಲ್ಪ ಸಪ್ಪೆಯಾಗಿರಬಹುದು, ಕೆಲವು ಕಡೆ ನನ್ನದೇ ಉಪ್ಪು ಬಿದ್ದಿರಲೂಬಹುದು.

ಒಂದು ವರ್ಷ ಬಂದದ್ದು ಹೊರಗಿನವರ ಚಿತ್ರವಲ್ಲ. ನನ್ನ ಅಕ್ಕನ ಮಗಳು ಅಲ್ಲಿಯೇ ಕೊನೆಯ ವರ್ಷದಲ್ಲಿದ್ದಳು. ಅವಳು ಆರಿಸಿದ ವಿಷಯ ಅವಳ ತಾಯಿ. ಅಕ್ಕ ಕಾಪುವಿನಲ್ಲಿ ಮೀನು ಮಾರುತ್ತಾಳೆ. ಬೆಳಕು ಹರಿಯುವ ಮೊದಲೇ ಮಲ್ಪೆಗೆ ಹೋಗಿ, ಏಲದಲ್ಲಿ ಕೂಗಿ ಮೀನು ಕೊಂಡು, ಟೆಂಪೊದಲ್ಲಿ ಬಂದು, ಹೆಂಗಸರು ಸಾಲಾಗಿ ಕೂರುವ ಕಡೆ ತನ್ನ ಜಾಗದಲ್ಲಿ ಕೂರುತ್ತಾಳೆ. ಬಾವ ದೋಣಿಗೆ ಹೋಗುವವರು, ಒಮ್ಮೆ ಹೋದರೆ ವಾರ ಕಳೆದು ಬರುವವರು. ಆದ್ದರಿಂದ ಮನೆ ನಡೆದದ್ದು ಅಕ್ಕನ ಬುಟ್ಟಿಯಿಂದಲೇ ಎಂದರೆ ಬಾವನೂ ಇಲ್ಲ ಎನ್ನಲಾರರು.

ಮಗಳು ಚಿತ್ರ ತೆಗೆಯಲು ಬರುತ್ತಾಳೆ ಎಂದು ಗೊತ್ತಾದ ದಿನ ಅಕ್ಕ ಮದುವೆ ಮನೆಗೆ ಉಡುವ ಸೀರೆ ಉಟ್ಟು, ಬುಟ್ಟಿಯನ್ನು ಮನೆಯ ಹಿಂದೆ ಇಟ್ಟು, ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತಿದ್ದಳಂತೆ. ಮೈಕ್ ಸಿಕ್ಕಿಸಿದ ಕೂಡಲೇ ಕೈ ಮುಗಿದು, "ಎಲ್ಲರಿಗೂ ನಮಸ್ಕಾರ. ನಾನು ಹಲವಾರು ವರ್ಷಗಳಿಂದ ಮೀನು ಮಾರಾಟದಲ್ಲಿ ತೊಡಗಿಕೊಂಡಿದ್ದೇನೆ. ಈ ಕೆಲಸ ನನಗೆ ಸಂತೃಪ್ತಿ ನೀಡಿದೆ," ಎಂದು ಶುರುಮಾಡಿದಳಂತೆ. ನಮ್ಮ ಕಾಲದ ಶಾಲೆಯಲ್ಲಿ ಮೈಕಿನ ಎದುರು ತುಳು ಆಡುವ ಹಾಗಿರಲಿಲ್ಲ. ಭಾಷಣವೆಂದರೆ ಕನ್ನಡ, ಕನ್ನಡವೆಂದರೆ ಬೆನ್ನು ನೆಟ್ಟಗೆ. ಬೇರೆಯವರು ಸ್ವಲ್ಪ ಹೊತ್ತಿಗೆ ತುಳುವಿಗೆ ಇಳಿಯುತ್ತಾರೆ ಎಂದೆನಲ್ಲ, ಅಕ್ಕ ಇಳಿಯಲಿಲ್ಲ. ಮಗಳು ಎಷ್ಟು ಸಲ ಹೋದರೂ ಅದೇ ಸೀರೆ, ಅದೇ ಸಂತೃಪ್ತಿ.

"ಚಿಕ್ಕಮ್ಮ, ಅಮ್ಮ ಕ್ಯಾಮೆರಾದ ಎದುರು ಪಂಚಾಯತ್ ಅಧ್ಯಕ್ಷೆ ಆಗ್ತಾಳೆ. ಇದನ್ನು ಇಟ್ಟುಕೊಂಡು ನಾನು ಎಂತ ಮಾಡುವುದು?" ಎಂದು ಅವಳು ನನ್ನ ಮನೆಯ ಸೋಫಾದಲ್ಲಿ ಬಿದ್ದುಕೊಂಡು ಗೋಳಾಡಿದ್ದಳು.

ನಂತರ ಅವಳು ದಾರಿ ಕಂಡುಕೊಂಡಳು. ಒಂದು ಬೆಳಿಗ್ಗೆ ಮಾರುವ ಜಾಗದಲ್ಲೇ ಕ್ಯಾಮೆರಾ ಇಟ್ಟು, ತಾಯಿಯ ಸಂತೃಪ್ತಿಯನ್ನು ಇನ್ನೊಮ್ಮೆ ಹಿಡಿದು, "ಆಯಿತಮ್ಮಾ, ಮುಗಿಯಿತು," ಎಂದಳು. ಕ್ಯಾಮೆರಾ ನಿಲ್ಲಿಸಲಿಲ್ಲ, ರವಿಕೆಗೆ ಸಿಕ್ಕಿಸಿದ ಮೈಕ್ ತೆಗೆಯಲಿಲ್ಲ. ಚಾ ಕುಡಿದು ಬರುತ್ತೇನೆಂದು ಆಚೆ ಹೋದಳು.

ಅದನ್ನು ನನಗೆ ಲ್ಯಾಪ್‌ಟಾಪಿನಲ್ಲಿ ತೋರಿಸಿದಾಗ ನಾನು ಮೊದಲು ನಕ್ಕೆ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೂತಾಯಿ ಮೀನಿನ ರಾಶಿ ಸರಿಮಾಡುತ್ತಾ, ಚೌಕಾಸಿ ಮಾಡುವ ಗಿರಾಕಿಯೊಬ್ಬರಿಗೆ, "ನೀವು ಮುಟ್ಟಿ ಮುಟ್ಟಿ ನೋಡುವಷ್ಟರಲ್ಲಿ ಅದು ಮರಿ ಹಾಕ್ತದೆ. ತಗೊಳ್ಳುವುದಾದರೆ ತಗೊಳ್ಳಿ, ಇಲ್ಲದಿದ್ದರೆ ಮನೆಗೆ ಹೋಗಿ ತೊಂಡೆಕಾಯಿ ತಿನ್ನಿ," ಎನ್ನುತ್ತಿದ್ದಳು. ಗಿರಾಕಿ ನಗುತ್ತಾ ತೆಗೆದುಕೊಂಡು ಹೋದರು. ನನಗೆ ಗೊತ್ತಿರುವ ಅಕ್ಕ ಇವಳೇ. ಆಮೇಲೆ ಜನ ಕಡಿಮೆಯಾಯಿತು. ಅಕ್ಕ ಮೀನಿನ ಮೇಲೆ ಐಸ್ ಹಾಕುತ್ತಾ, ಪಕ್ಕದ ಜಾಗದಲ್ಲಿ ಕೂರುವ ತನ್ನ ಗೆಳತಿಯ ಕಡೆ ತಿರುಗದೆಯೇ ಹೇಳಿದಳು:

"ಸಾಕಾಯಿತು ಮಾರಾಯ್ತಿ. ಸೊಂಟ ನನ್ನದಲ್ಲ ಅಂತ ಆಗಿದೆ. ಇವಳ ಓದು ಮುಗಿಯುವವರೆಗೆ ಅಂತ ನೋಡ್ತಾ ಇದ್ದೇನೆ. ಆಮೇಲೆ ನಾನು ಈ ಬುಟ್ಟಿ ಮುಟ್ಟುವುದಿಲ್ಲ. ಒಂದು ದಿನ ಬೆಳಿಗ್ಗೆ ಏಳದೆ ಮಲಗಬೇಕು."

ಗೆಳತಿ "ಹ್ಞೂಂ" ಎಂದಳು. ಅಷ್ಟೇ.

ಅಕ್ಕನ ಮಗಳಿಗೆ ಇದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ನಾವಿಬ್ಬರೂ ಪರದೆಯ ಕಡೆಯೇ ನೋಡುತ್ತಿದ್ದೆವು. "ಇದೇ ನನ್ನ ಚಿತ್ರ, ಚಿಕ್ಕಮ್ಮ," ಎಂದಳು ಅವಳು. ಅವಳ ದನಿ ಒಡೆದಿತ್ತು ಎಂದು ನನಗೆ ನೆನಪು. ಆದರೆ ಅದು ಸಂತೋಷದಿಂದಲೂ ಒಡೆದಿರಬಹುದು. ಒಳ್ಳೆಯ ತುಣುಕು ಸಿಕ್ಕಿದ ಸಂತೋಷ ಈ ಮಕ್ಕಳ ಮುಖದಲ್ಲಿ ಹೇಗಿರುತ್ತದೆಂದು ನಾನು ಎಷ್ಟೋ ಸಲ ನೋಡಿದ್ದೇನೆ. ಎರಡನ್ನೂ ಬೇರೆ ಮಾಡಲು ನನಗೆ ಆಗಲಿಲ್ಲ. ಅವಳಿಗೂ ಆಗುತ್ತಿತ್ತೋ ಇಲ್ಲವೋ.

ಉತ್ಸವಕ್ಕೆ ಕೆಲವು ದಿನ ಮೊದಲು ಅಕ್ಕನಿಗೆ ತೋರಿಸಲೇಬೇಕೆಂದು ನಾನು ಪಟ್ಟು ಹಿಡಿದೆ. ಇದೊಂದು ಮಾತ್ರ ನಾನು ಮಾಡಿದ್ದು ಖಂಡಿತ. ಒಂದು ಮಧ್ಯಾಹ್ನ ಕಾಪುವಿನ ಅವಳ ಮನೆಯಲ್ಲಿ ಮೂವರೂ ಕೂತೆವು. ಅಕ್ಕ ಮೀನಿನ ನೀರು ತೊಳೆದು, ಸ್ನಾನ ಮಾಡಿ ಬಂದಿದ್ದಳು. ಗಿರಾಕಿಯನ್ನು ಬೈಯುವ ಭಾಗಕ್ಕೆ ಅವಳೂ ನಕ್ಕಳು. "ನಾನು ಇಷ್ಟು ದಪ್ಪ ಇದ್ದೇನಾ?" ಎಂದಳು. ಐಸ್ ಹಾಕುವ ಭಾಗ ಬಂತು. ಪರದೆಯ ಮೇಲೆ ತನ್ನ ಮಾತು ಮುಗಿದ ಕೂಡಲೇ ಅಕ್ಕ ಲ್ಯಾಪ್‌ಟಾಪಿನ ಕಡೆ ಕೈ ತೋರಿಸಿದಳು.

"ಇದನ್ನು ತೆಗಿ," ಎಂದಳು.

"ಅಮ್ಮಾ, ಅದರಲ್ಲಿ ತಪ್ಪೇನುಂಟು? ನಿನಗೆ ಸುಸ್ತಾಗಿದೆ. ಅದನ್ನು ಹೇಳಬಾರದಾ?"

"ನಿನಗೆ ಹೇಳಬಹುದು. ಊರಿಗೆ ಹೇಳ್ಲಿಕ್ಕಾಗುವುದಿಲ್ಲ. ಅಲ್ಲಿ ಜಾಗ ಯಾರ ಹೆಸರಿನಲ್ಲಾದರೂ ಬರೆದುಂಟಾ? ಕೂತವರಿಗೆ ಜಾಗ. ನಾನು ಬಿಡ್ತೇನೆ ಅಂತ ನನ್ನ ಬಾಯಿಯಿಂದ ಒಮ್ಮೆ ಹೊರಗೆ ಬಂದರೆ ಮರುದಿನ ಬೆಳಿಗ್ಗೆ ಅಲ್ಲಿ ಬೇರೆಯವರ ಬುಟ್ಟಿ ಇರ್ತದೆ. ನಾನು ಏಳುವಾಗ ಯಾರು ಕೂರಬೇಕು ಅಂತ ನಾನೇ ಹೇಳಿ ಏಳಬೇಕು. ನನ್ನ ಅತ್ತೆ ನನ್ನನ್ನು ಹಾಗೆಯೇ ಕೂರಿಸಿದ್ದು."

"ಕಾಲೇಜಿನ ಒಳಗೆ ನೋಡುವವರು ಯಾರಮ್ಮ ಕಾಪುವಿನವರು?"

"ನಾನು ನಮ್ಮ ಸಾಲಿನ ಇಬ್ಬರನ್ನು ಕರ್ಕೊಂಡು ಬರ್ತೇನೆ ಅಂತ ಹೇಳಿ ಆಗಿದೆ. ಮತ್ತೆ ನಿಮ್ಮ ಮೊಬೈಲು ಯಾಕೆ ಉಂಟು? ಸಂಜೆಗೆ ಎಲ್ಲರ ಮೊಬೈಲಿನಲ್ಲಿ ನಾನಿರ್ತೇನೆ."

ಮಗಳು ಅಳುವ ಹಾಗೆ, "ಅದಿಲ್ಲದಿದ್ದರೆ ಬರೀ ಜಗಳ ಮಾಡುವ ಹೆಂಗಸು ಅಂತ ಆಗ್ತದೆ. ಅದಿಲ್ಲದೆ ಚಿತ್ರವೇ ಇಲ್ಲ," ಎಂದಳು.

"ಹಾಗಾದರೆ ಕುರ್ಚಿಯಲ್ಲಿ ಕೂತು ಹೇಳಿದ್ದನ್ನು ಹಾಕು. ಅಷ್ಟು ಚೆಂದ ಕನ್ನಡ ಮಾತಾಡಿದ್ದೇನೆ," ಎಂದು ಅಕ್ಕ ನನ್ನ ಕಡೆ ತಿರುಗಿದಳು. "ನೀನು ಹೇಳು. ಕಲಿತವಳು ನೀನು."

ನಾನು ಏನು ಹೇಳಿದೆ? ಅಕ್ಕ ಹೇಳುವ ಪ್ರಕಾರ, ನಾನು ಮಗಳ ಪರ ಮಾತಾಡಿದೆ. ಅಕ್ಕನ ಮಗಳ ಪ್ರಕಾರ, "ಅಮ್ಮನ ಮಾತು, ಅಮ್ಮನ ಇಷ್ಟ," ಎಂದೆ. ಆ ದಿನದ ನನ್ನ ಡೈರಿಯಲ್ಲಿ, ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ತಲೆನೋವು, ಎಂದಷ್ಟೇ ಉಂಟು. ಬಹುಶಃ ಇಬ್ಬರಿಗೂ ಬೇಕಾದ ಹಾಗೆ ಕೇಳಿಸುವ ಯಾವುದೋ ಮಾತು ಹೇಳಿ ಎದ್ದು ಬಂದಿರಬೇಕು. ನನಗೆ ಆ ಅಭ್ಯಾಸ ಉಂಟು. ಪರೀಕ್ಷೆಯ ಪೇಪರುಗಳ ರಾಶಿ ಬೇರೆ ಕಾಯುತ್ತಿತ್ತು.

ಉತ್ಸವದ ದಿನ ಕಾರ್ಕಳದಲ್ಲಿ ಬೆಳಗಿನ ತರಗತಿ ಮುಗಿಸಿ, ಅರ್ಧ ದಿನ ರಜೆ ಹಾಕಿ ಮಣಿಪಾಲಕ್ಕೆ ಬಂದೆ. ಸಭಾಂಗಣದೊಳಗೆ ಹಲ್ಲು ಕಟಕಟಿಸುವಷ್ಟು ಎಸಿ. ಅಕ್ಕ ಮದುವೆಯ ಸೀರೆಯಲ್ಲಿ ಬಂದು ಕೂತಿದ್ದಳು. ಒಂದು ಬದಿಗೆ ಪಕ್ಕದ ಜಾಗದ ಗೆಳತಿ, ಇನ್ನೊಂದು ಬದಿಗೆ ಸಾಲಿನ ತುದಿಯಲ್ಲಿ ಕೂರುವ ಇನ್ನೊಬ್ಬಾಕೆ. ಮೂವರೂ ಸೆರಗು ಹೊದ್ದುಕೊಂಡಿದ್ದರು.

"ಇಲ್ಲಿ ಮೀನು ಇಟ್ಟರೆ ಐಸೇ ಬೇಡ ಟೀಚರೇ," ಎಂದಳು ಗೆಳತಿ.

ಮೊದಲು ನಾಲ್ಕೈದು ಚಿತ್ರಗಳು ಬಂದು ಹೋದವು. ನನಗೆ ತೂಕಡಿಕೆ. ಆ ಭಾಗವನ್ನು ಏನು ಮಾಡಿದಳೆಂದು ಅಕ್ಕನ ಮಗಳು ನಮಗೆ ಯಾರಿಗೂ ಹೇಳಿರಲಿಲ್ಲ. ಅಕ್ಕ ಕೇಳಿಯೂ ಇರಲಿಲ್ಲ. ಅವರಿಬ್ಬರ ನಡುವೆ ಆ ದಿನಗಳಲ್ಲಿ ಊಟ ಆಯಿತಾ, ಬಸ್ಸು ಸಿಕ್ಕಿತಾ ಎಂಬಷ್ಟೇ ಮಾತು.

ಚಿತ್ರ ಶುರುವಾಯಿತು. ಡ್ರೋನ್ ಇಲ್ಲ, ನೇರವಾಗಿ ಬೂತಾಯಿಯ ರಾಶಿ. ತೊಂಡೆಕಾಯಿಯ ಮಾತಿಗೆ ತುಳು ಬಲ್ಲವರು ಮೊದಲು ನಕ್ಕರು, ಸಬ್‌ಟೈಟಲ್ ಓದಿದವರು ಆಮೇಲೆ ನಕ್ಕರು. ಅಕ್ಕ ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಗಿರಾಕಿಗಳು ಕರಗಿದರು. ಪರದೆಯ ಮೇಲೆ ಅಕ್ಕ ಐಸ್ ತೆಗೆದುಕೊಂಡಳು, ತುಟಿ ಅಲುಗಾಡಿತು. ಸದ್ದೇ ಇರಲಿಲ್ಲ. ಕೆಳಗೆ ಅಕ್ಷರವೂ ಇರಲಿಲ್ಲ. ಐಸ್ ಬೀಳುತ್ತಿದೆ, ಅಕ್ಕ ಏನೋ ಹೇಳುತ್ತಿದ್ದಾಳೆ, ಗೆಳತಿ ತಲೆಯಾಡಿಸುತ್ತಾಳೆ, ಏನೂ ಕೇಳಿಸುವುದಿಲ್ಲ.

ಹಿಂದಿನಿಂದ ಯಾರೋ "ಸೌಂಡ್!" ಎಂದು ಕೂಗಿದರು. ಇನ್ನೊಬ್ಬರು ಸಿಳ್ಳೆ ಹಾಕಿದರು. ಧ್ವನಿವರ್ಧಕ ನೋಡಿಕೊಳ್ಳುವವರು ಗಾಬರಿಯಾಗಿ ಯಾವುದೋ ಗುಂಡಿ ತಿರುಗಿಸಿದರು. ಸರಿಯಾಗಿ ಆ ಹೊತ್ತಿಗೆ ಚಿತ್ರದ ಸದ್ದು ಮರಳಿ ಬಂದು, ರಸ್ತೆಯ ಬಸ್ಸಿನ ಹಾರ್ನ್ ಇಡೀ ಸಭಾಂಗಣ ನಡುಗುವ ಹಾಗೆ ಹೊಡೆಯಿತು. ಎಲ್ಲರೂ ನಕ್ಕರು. ಚಿತ್ರ ಮುಗಿಯಿತು.

ಪ್ರಶ್ನೋತ್ತರದಲ್ಲಿ ತೀರ್ಪುಗಾರರೊಬ್ಬರು, ತಾಂತ್ರಿಕ ದೋಷವೊಂದು ಬಿಟ್ಟರೆ ಒಳ್ಳೆಯ ಪ್ರಯತ್ನ ಎಂದರು. ಅಕ್ಕನ ಮಗಳು ವೇದಿಕೆಯ ಮೇಲೆ ನಿಂತು, ಅದು ದೋಷವಲ್ಲ, ತಾನೇ ತೆಗೆದದ್ದು ಎಂದಳು. ಹಾಗಾದರೆ ಅಲ್ಲಿ ನಿಮ್ಮ ತಾಯಿ ಏನು ಹೇಳುತ್ತಿದ್ದಾರೆ, ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಅಕ್ಕನ ಮಗಳು ತಾಯಿ ಕೂತಿದ್ದ ಕಡೆ ನೋಡಿದಳು. ತಾಯಿ ಇಲ್ಲೇ ಇದ್ದಾರೆಂದು ಯಾರೋ ಹೇಳಿದರು, ಎಲ್ಲರೂ ಹಿಂದೆ ತಿರುಗಿ ನೋಡಿದರು, ಮೈಕ್ ಕೈಯಿಂದ ಕೈಗೆ ದಾಟಿ ಅಕ್ಕನ ಬಳಿ ಬಂತು.

ಅಕ್ಕ ಎದ್ದು ನಿಂತಳು. ಬೆನ್ನು ನೆಟ್ಟಗಾಯಿತು.

"ಎಲ್ಲರಿಗೂ ನಮಸ್ಕಾರ," ಎಂದಳು. "ಅಲ್ಲಿ ನಾನು ಬಂಗುಡೆಯ ದರದ ಬಗ್ಗೆ ಮಾತನಾಡುತ್ತಿದ್ದೆ. ಆ ದಿನ ದರ ಬಹಳ ಹೆಚ್ಚಾಗಿತ್ತು."

ಸಭೆ ಮತ್ತೆ ನಕ್ಕಿತು. ಸಾಲಿನ ತುದಿಯ ಹೆಂಗಸು ಅಕ್ಕನ ಗೆಳತಿಯ ಕಡೆ ಬಗ್ಗಿ, "ಹೌದನಾ?" ಎಂದು ಕೇಳಿದ್ದು ನನಗೆ ಕೇಳಿಸಿತು. ಗೆಳತಿ ಪರದೆಯ ಕಡೆಯೇ ನೋಡುತ್ತಾ, "ಹೌದು. ಬೆಂಕಿ ರೇಟು ಅವತ್ತು," ಎಂದಳು.

ಅಕ್ಕನ ಮಗಳಿಗೆ ಬಹುಮಾನ ಬರಲಿಲ್ಲ. ಹೊರಗೆ ಅವಳ ಸಹಪಾಠಿಯೊಬ್ಬ, "ಒಳ್ಳೆಯ ಸೀನ್ ಹಾಳು ಮಾಡಿದಿ ಮಾರಾಯ್ತಿ," ಎಂದ. ಅವಳು "ಹೌದು," ಎಂದಳು. ತಾಯಿಯ ಚಪ್ಪಲಿಯ ಪಟ್ಟಿ ಬಿಚ್ಚಿಹೋಗಿತ್ತು. ಬಗ್ಗಿ ಅದನ್ನು ಹಾಕಿಕೊಟ್ಟಳು. ಅಕ್ಕ ಅವಳ ತಲೆಯ ಮೇಲೆ ಕೈಯಿಟ್ಟದ್ದು ಆಧಾರಕ್ಕೆ ಇರಬೇಕು.

ಉಡುಪಿಯವರೆಗೆ ಬಸ್ಸಿನಲ್ಲಿ ನಾನೂ ಅವರ ಜೊತೆ ಹೋದೆ. ಅಕ್ಕ ಕಿಟಕಿಗೆ ಒರಗಿ ನಿದ್ದೆ ಹೋದಳು. ಗೆಳತಿ ನನ್ನ ಪಕ್ಕದಲ್ಲಿದ್ದಳು. ನಾನು ಮೆಲ್ಲನೆ, "ಅವಳು ನಿಜವಾಗಿ ಹೇಳಿದ್ದು ನಿಮಗೆ ನೆನಪುಂಟಲ್ಲ?" ಎಂದೆ.

"ಅದು ನೆನಪಿಡುವ ಮಾತಾ ಟೀಚರೇ? ಐಸ್ ಹಾಕುವ ಹೊತ್ತಿಗೆ ನಿಮ್ಮ ಅಕ್ಕ ದಿನಾ ಹೇಳ್ತಾಳೆ. ನಾನೂ ಹೇಳ್ತೇನೆ. ಯಾರು ಬಿಡ್ತಾರೆ?"

ಇದು ನಿಜವಿರಬಹುದು. ನನ್ನ ಬಾಯಿ ಮುಚ್ಚಿಸಲು ಹೇಳಿದ್ದೂ ಇರಬಹುದು. ಅಕ್ಕನ ಗುಟ್ಟನ್ನು ನನ್ನಿಂದಲೂ ಕಾಯುವುದು ತನ್ನ ಕೆಲಸವೆಂದು ಆಕೆ ತಿಳಿದಿದ್ದರೆ ನನಗೆ ಆಶ್ಚರ್ಯವಿಲ್ಲ.

ಮಗಳ ಓದು ಮುಗಿಯಿತು. ಮಳೆಗಾಲದಲ್ಲಿ ಮೀನುಗಾರಿಕೆ ನಿಂತು ದೋಣಿಗಳು ದಡದಲ್ಲಿದ್ದಾಗ ಅಕ್ಕ ಒಂದು ದಿನ ಗೆಳತಿಯ ಸೊಸೆಯನ್ನು ಕರೆದುಕೊಂಡು ಹೋಗಿ, ಮೀನಿಲ್ಲದೆ ಖಾಲಿಯಿದ್ದ ಸಾಲಿಗೆ ಉಳಿದ ಹೆಂಗಸರನ್ನೂ ಕರೆಸಿ, ಎಲ್ಲರೂ ನೋಡುವ ಹಾಗೆ ತನ್ನ ಜಾಗದಲ್ಲಿ ಕೂರಿಸಿ, "ಇನ್ನು ಇವಳು," ಎಂದಳಂತೆ. ಯಾರೂ ಎದುರು ಮಾತಾಡಲಿಲ್ಲವಂತೆ. ಇದನ್ನೆಲ್ಲ ಬರೆಯಲಾ ಎಂದು ನಾನು ಕೇಳಿದ್ದಕ್ಕೆ, "ಈಗ ಬರಿ. ಹೇಗೂ ಮೀನು ತಗೊಳ್ಳುವವರು ಯಾರೂ ನಿನ್ನದನ್ನು ಓದುವುದಿಲ್ಲ," ಎಂದಳು.

ದೋಣಿಗಳು ಮತ್ತೆ ಕಡಲಿಗೆ ಇಳಿದ ಮೊದಲ ಬೆಳಿಗ್ಗೆ ಅವಳು ಹಟ ಹಿಡಿದು ಮಲಗಿಯೇ ಇದ್ದಳಂತೆ. ನಿದ್ದೆ ಬರಲಿಲ್ಲ. ರಸ್ತೆಯಲ್ಲಿ ಮಲ್ಪೆಗೆ ಹೋಗುವ ಟೆಂಪೊ ನಿಂತು, ಹೆಂಗಸರನ್ನು ಹತ್ತಿಸಿಕೊಂಡು, ಹೊರಟುಹೋದದ್ದನ್ನು ಕೇಳುತ್ತಾ ಮಲಗಿದ್ದಳಂತೆ. ಮಗಳು ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾಳೆ. ಬೆಳಗಾದ ಮೇಲೆ ಅವಳಿಗೆ ಫೋನ್ ಮಾಡಿ, "ನಾನಿನ್ನೂ ಎದ್ದಿಲ್ಲ," ಎಂದಳಂತೆ.