ಮಾಳಿಗೆಯ ಖೋಲಿಯ ತಗಡಿನ ಕೂಲರ್

ಮಕ್ಕಳೇ, ನೀವು ಮೂವರೂ ರಜೆಗೆ ಬಂದಾಗ ಮಾಳಿಗೆಯ ಖೋಲಿಯಲ್ಲಿದ್ದ ತಗಡಿನ ಕೂಲರ್ ಎಲ್ಲಿ ಹೋಯಿತೆಂದು ಕೇಳಿದಿರಿ. ಎದುರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಬರೆದು ಹೇಳುತ್ತೇನೆ.

ಅದನ್ನು ನಿಮ್ಮ ಅಜ್ಜ ತಾವೇ ಜೋಡಿಸಿದ್ದರು. ಮೂರು ಕಡೆ ಲಾವಂಚದ ಹುಲ್ಲು, ನಡುವೆ ಫ್ಯಾನು, ತಳದಲ್ಲಿ ನೀರು. ಧಾರವಾಡದ ಬೇಸಿಗೆಯ ಮಧ್ಯಾಹ್ನ ಹುಲ್ಲಿನೊಳಗೆ ನೀರು ಇಳಿಯುವ ಸದ್ದು ಕೇಳುತ್ತ ಮಲಗಿದರೆ ನಿದ್ದೆಯೋ ಎಚ್ಚರವೋ ತಿಳಿಯುತ್ತಿರಲಿಲ್ಲ. ಪರದೆ ಉಬ್ಬಿ ಇಳಿಯುತ್ತಿತ್ತು. ಆ ಒದ್ದೆ ಪರಿಮಳದಲ್ಲಿ ನಾನು ನಮ್ಮೂರ ಕೆರೆಯ ದಂಡೆಗೆ ಹೋಗಿ, ಕಾಲು ತೋಯಿಸಿಕೊಂಡು ಬರುತ್ತಿದ್ದೆ. ಕೂಲರಿಗೆ ನೀರು ತುಂಬುವಾಗ ಅಜ್ಜ ಊಟಕ್ಕೆ ಕೂಡುವ ಮಣೆ ಹಾಕಿಕೊಂಡು ಅದರ ಮೇಲೆ ನಿಲ್ಲುತ್ತಿದ್ದರು. ಆಳು ಗಿಡ್ಡ, ಎತ್ತರ ಸಾಲದೆಂದು ನಾನು ತಿಳಿದಿದ್ದೆ.

ಅವರು ಹೋದ ಮೇಲೆ ಖೋಲಿಯನ್ನು ಸುಳ್ಳ ಎಂಬ ಹಳ್ಳಿಯ ಒಬ್ಬ ಹುಡುಗಿಗೆ ಬಾಡಿಗೆ ಕೊಟ್ಟೆ. ಪರೀಕ್ಷೆಯ ತಯಾರಿಗೆ ಬಂದವಳು. ಕೂಲರನ್ನು ಅಲ್ಲೇ ಬಿಟ್ಟು, ಮಣೆಯನ್ನು ಕೆಳಗೆ ತಂದುಕೊಂಡೆ.

ಒಂದು ಮಧ್ಯಾಹ್ನ ಅವಳು ಕೈ ಜಾಡಿಸುತ್ತ ಮೆಟ್ಟಿಲಿಳಿದಳು. "ಅಜ್ಜಿ, ನಿಮ್ಮ ಕೂಲರ್ ಮುಟ್ಟಿದ್ರ ಜುಮ್ ಅಂತೈತ್ರಿ. ನೀರು ಹಾಕೂಮುಂದ ಕೈಯಾಗಿನ ತಂಬಗಿ ಹಾರಿ ಬಿತ್ತು."

"ಭಾಳ ಹೊಡೀತೇನವಾ?"

"ಇಲ್ರಿ. ಛಲೋನ ಆತು, ಓದಾಕ ಕುಂತ್ರ ಬರೂ ನಿದ್ದಿ ಓಡಿ ಹೋತು."

ಅವಳು ನಕ್ಕಳು. ನನಗೆ ಮಣೆ ನೆನಪಾಯಿತು. ಕಟ್ಟಿಗೆಯ ಮೇಲೆ ನಿಂತರೆ ಕರೆಂಟು ಹೊಡೆಯುವುದಿಲ್ಲವೆಂದು ಅಜ್ಜ ಅದರ ಮೇಲೆ ನಿಲ್ಲುತ್ತಿದ್ದರು. ನಾನು ಅದನ್ನು ತೆಗೆದು, ಮಂದಿಯ ಮಗಳನ್ನು ಒದ್ದೆ ನೆಲದ ಮೇಲೆ ನಿಲ್ಲಿಸಿದ್ದೆ.

ಕೂಲರ್ ಬಂದ್ ಮಾಡಿಸಿ ರಿಪೇರಿಯವರನ್ನು ಕರೆಸಿದೆ. ಹೇಗಾದರೂ ಅದು ಉಳಿಯಲಿ ಎಂದೇ ನನ್ನ ಆಸೆ. ಅವರು ಹಿಂದಿನ ತಗಡು ಬಿಚ್ಚಿ ನೋಡಿದರು.

"ಅವ್ವಾರ, ಹೊಸಾ ವಾಯರ್ ಹಾಕಿ ಅರ್ಥಿಂಗ್ ಕೊಟ್ರ ಸದ್ಯಕ್ಕ ನಡೀತೈತ್ರಿ. ಆದ್ರ ತಗಡು ತುಕ್ಕು ಹಿಡದು ಜಾಳಾಗೈತಿ. ನಾಳೆ ಮತ್ತ ಎಲ್ಲಿ ವಾಯರ್ ಕೊರೀತೈತೋ ಹೇಳಾಕ ಬರಂಗಿಲ್ಲ."

"ನಮ್ಮ ಮನಿಯವ್ರು ಜೋಡ್ಸಿದ್ರೀ ಅದನ್ನ."

"ಹಂಗಾದ್ರ ದೇವರ ಜಗಲಿ ಮ್ಯಾಲ ಇಟ್ಟು ಪೂಜಾ ಮಾಡ್ರಿ. ಕರೆಂಟ್ ಮಾತ್ರ ಕೊಡಬ್ಯಾಡ್ರಿ."

ನನ್ನ ಮುಖ ನೋಡಿ ಹುಡುಗಿಗೆ ಕನಿಕರ ಬಂತು. "ರಿಪೇರಿನ ಮಾಡಿಸ್ರಿ ಅಜ್ಜಿ. ನಾ ಚಪ್ಪಲ್ ಹಾಕ್ಕೊಂಡು ನೀರು ತುಂಬತೇನಿ."

ಆಗ ನೆಲ ನೋಡುತ್ತಲೇ ಅವಳಿಗೆ ಮಣೆಯ ಸಂಗತಿ ಹೇಳಿದೆ.

"ಅಷ್ಟು ವರ್ಷ ಅಜ್ಜಾರು ನಿಮಗೂ ಹೇಳಲಿಲ್ಲೇನ್ರಿ?"

"ಹೇಳಿದ್ರ ನಾ ಅದರ ಮುಂದ ಮಲಗತಿದ್ನೇನವಾ?"

ಆ ಮಾತು ನನ್ನ ಬಾಯಿಂದ ಬಿದ್ದ ಮೇಲೆ ರಿಪೇರಿಯ ಮಾತು ಅಲ್ಲಿಗೇ ಮುಗಿಯಿತು.

ತಗಡಿನದನ್ನು ಗುಜರಿಯವರಿಗೆ ಕೊಟ್ಟು, ಹುಬ್ಬಳ್ಳಿಯ ದುರ್ಗದಬೈಲಿನಿಂದ ಪ್ಲಾಸ್ಟಿಕ್ ಮೈಯ ಹೊಸ ಕೂಲರ್ ತಂದೆವು. ಅದಕ್ಕೆ ಯಾವ ಪರಿಮಳವೂ ಇಲ್ಲ. ಮರುದಿನ ಮಾಳಿಗೆಗೆ ಹೋದಾಗ ಹುಡುಗಿ ಎದೆಯ ಮೇಲೆ ಪುಸ್ತಕವಿಟ್ಟುಕೊಂಡೇ ಮಲಗಿದ್ದಳು. ಗಾಳಿಗೆ ಹಾಳೆಗಳು ತಾವಾಗಿ ತಿರುಗುತ್ತಿದ್ದವು. ಎಬ್ಬಿಸದೆ ಹೊಸ್ತಿಲಲ್ಲಿ ಕುಳಿತೆ. ಎಷ್ಟು ಹೊತ್ತೋ ಗೊತ್ತಿಲ್ಲ.

ಮುಂದೆ ಆ ಖೋಲಿಯನ್ನು ನೀವೂ ಯಾರಿಗೋ ಬಾಡಿಗೆ ಕೊಡುವಿರಿ. ಹಳೆಯದು, ನಮ್ಮವರ ಕೈಯದು, ಇನ್ನೂ ನಡೆಯುತ್ತದೆ ಎಂದು ನಿಮ್ಮ ಮನಸ್ಸೂ ಎಳೆದೀತು. ಬಂದವರ ಕೈಗೆ ಕೀಲಿ ಕೊಡುವ ಮೊದಲು ಇದನ್ನು ಓದಿಕೊಳ್ಳಿರಿ. ಅಲ್ಲಿಯವರೆಗೆ ಈ ಹಾಳೆಗಳು ಮನೆಯ ಕಾಗದಪತ್ರಗಳ ಜೊತೆಯಲ್ಲೇ ಇರಲಿ. ಹರಿಯದಂತೆ, ತೋಯದಂತೆ ಕಾಯ್ದುಕೊಳ್ಳಿರಿ.