ಗೆಲ್ಲದವರಿಗೆ ಹಾಕಿದ ಮತ

ಮರಾಠಿ ಸೀಮೆಯ ವಾಕಡದಲ್ಲಿ ನನ್ನದೊಂದು ಜೋಳದ ರೊಟ್ಟಿ ಅಂಗಡಿ. ಹಿಂಜವಾಡಿಯ ಕಂಪನಿಗಳಿಗೆ ಹೋಗುವವರೂ, ಹೊಸ ಕಟ್ಟಡಗಳಲ್ಲಿ ಸಿಮೆಂಟು ಹೊರುವ, ಕನ್ನಡ ನಾಡಿನಿಂದ ಬಂದ ನಮ್ಮ ಕಡೆಯವರೂ ಗಿರಾಕಿಗಳು. ರೊಟ್ಟಿ ಬಡಿಯುವುದು ನನಗೆ ಎಂದೂ ಕಷ್ಟ ಅನಿಸಿಲ್ಲ. ಕಷ್ಟವೆಲ್ಲ ಕಾಗದದ್ದು. ಅಂಗಡಿಗೊಂದು ಪರವಾನಗಿ, ಅಡುಗೆಗೊಂದು, ಬೋರ್ಡಿಗೆ ಮತ್ತೊಂದು. ಬೋರ್ಡು ಒಂದು ಗೇಣು ಹೊರಗೆ ಚಾಚಿದೆ ಎಂದು ಕಾರ್ಪೊರೇಷನ್ ಕಚೇರಿಗೆ ಮೂರು ಸಲ ಅಲೆದಾಡಿಸಿದರು. ನಾಲ್ಕನೆಯ ಸಲ ಹೋದರೆ ಅಳತೆ ತೆಗೆಯುವವನೇ ರಜೆಯ ಮೇಲಿದ್ದ.

ಆಗ ಕಾರ್ಪೊರೇಷನ್ ಚುನಾವಣೆ ಬಂತು. ಐದು ವರ್ಷ ನಮ್ಮ ವಾರ್ಡಿನ ನಗರಸೇವಕರಾಗಿ, ಅಂದರೆ ಕಾರ್ಪೊರೇಟರಾಗಿ, ಇದ್ದವರು ಪರವಾನಗಿಗಳನ್ನು ಕಡಿಮೆ ಮಾಡುತ್ತೇನೆ ಎಂದು ಮತ್ತೆ ಭಾಷಣ ಮಾಡಿದರು. ಹಿಂದಿನ ಸಲವೂ ಹಾಗೆಯೇ ಹೇಳಿದ್ದರು. ಅವರ ಎದುರಾಳಿ, ಫುಟ್‌ಪಾತ್ ಸ್ವಚ್ಛ ಮಾಡಿಸುತ್ತೇನೆ, ಅಂಗಡಿ ಅಂಗಡಿಗೂ ತಪಾಸಣೆ ತರುತ್ತೇನೆ ಎಂದರು. ಮೂರನೆಯವರು ಯಾರೂ ಹೆಸರು ಕೇಳಿರದ ಸಣ್ಣ ಪಕ್ಷವೊಂದರ ಅಭ್ಯರ್ಥಿ, ನಿವೃತ್ತ ಗಣಿತದ ಟೀಚರ್. ನನ್ನ ಅಂಗಡಿಗೆ ಒಬ್ಬರೇ ನಡೆದು ಬಂದು, "ಸರ್ಕಾರ ರಸ್ತೆ, ನೀರು ನೋಡಿಕೊಂಡರೆ ಸಾಕು. ನಿಮ್ಮ ಒಲೆ ನೀವು ನೋಡಿಕೊಳ್ಳುತ್ತೀರಿ. ಸಣ್ಣ ಅಂಗಡಿಗೆ ಒಂದೇ ಪರವಾನಗಿ ಇರಬೇಕು" ಎಂದು ಮರಾಠಿಯಲ್ಲಿ ಹೇಳಿದರು.

ನಮ್ಮ ಮನೆಯವರು ತಲೆ ಅಲ್ಲಾಡಿಸಿದರು. "ಟೀಚರ್ ಭಾಳ ಛಲೋ ಮಂದಿ. ಆದ್ರ ಗೆಲ್ಲೂದಿಲ್ಲ. ಅವ್ರಿಗೆ ಹಾಕಿದ್ರ ಆ ತಪಾಸಣಿ ಮನಷ್ಯಾನ್ನ ಗೆಲ್ಲಿಸಿದಂಗ ಆಗ್ತದ."

"ಮತ್ತ ಸುಳ್ಳು ಹೇಳಿದವ್ರಿಗೇ ಹಾಕ್ಲೇನ್ರಿ?" ಎಂದು ಕೇಳಿ, ಟೀಚರಿಗೇ ಹಾಕಿ ಬಂದೆ.

ನಮ್ಮ ಮನೆಯವರು ಹೇಳಿದಂತೆಯೇ ಆಯಿತು. ತಪಾಸಣೆಯವರು ಕೂದಲೆಳೆಯಲ್ಲಿ ಗೆದ್ದರು. ಟೀಚರಿಗೆ ಬಿದ್ದ ಮತ ಹಳೆಯ ನಗರಸೇವಕರಿಗೆ ಹೋಗಿದ್ದರೆ ಅವರೇ ಗೆಲ್ಲುತ್ತಿದ್ದರು. ಕೆಲವೇ ತಿಂಗಳಲ್ಲಿ ಫುಟ್‌ಪಾತಿಗೆ ಕಾರ್ಪೊರೇಷನ್ ಲಾರಿ ಬಂತು. ನನ್ನ ಅಂಗಡಿ ಮುಂದಿನ ಬೆಂಚು ಹೋಯಿತು. ಪಕ್ಕದಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಯಾದಗಿರಿ ಕಡೆಯ ಮುದುಕನ ಪೆಟ್ಟಿಗೆ, ಕೊಡೆ, ಹೊಲಿಯುತ್ತಿದ್ದ ಚಪ್ಪಲಿಗಳು ಕೂಡ ಲಾರಿ ಹತ್ತಿದವು.

ಮರುವಾರ ಸೋತ ನಗರಸೇವಕರು ಅಂಗಡಿಗೆ ಬಂದರು. ಅಧಿಕಾರದಲ್ಲಿದ್ದಾಗ ಒಮ್ಮೆಯೂ ಈ ಮೆಟ್ಟಿಲು ತುಳಿಯದವರು. ನಾನು ಟೀಚರಿಗೆ ಹಾಕಿದ್ದು ಅವರ ಕಿವಿಗೂ ಬಿದ್ದಿತ್ತು.

"ವಹಿನಿ, ಈಗ ಅನುಭವಿಸಿ. ನನ್ನ ಮತಗಳನ್ನು ಒಡೆದು ಆ ಟೀಚರಿಗೆ ಕೊಟ್ಟಿರಿ" ಎಂದರು, ನನ್ನನ್ನು ಅತ್ತಿಗೆ ಎಂದು ಕರೆಯುತ್ತಲೇ.

ಹಿಟ್ಟಿನ ಕೈಯಲ್ಲೇ ಎದ್ದು ನಿಂತೆ. "ಅದು ನಿಮ್ಮ ಮತ ಯಾವಾಗ ಆಗಿತ್ತು? ನನ್ನದು. ಐದು ವರ್ಷ ನಿಮ್ಮ ಕಚೇರಿಯ ಬಾಗಿಲಲ್ಲಿ ನಿಂತೆ. ಒಂದು ಕಾಗದವನ್ನಾದರೂ ಕಡಿಮೆ ಮಾಡಿದಿರಾ? ಲಾರಿ ಕಳಿಸಿದವರು ಅವರು, ಸುಳ್ಳು ಹೇಳಿದವರು ನೀವು, ತಪ್ಪು ಮಾತ್ರ ರೊಟ್ಟಿ ಬಡಿಯುವವಳದ್ದೇ?" ಬಾಯಿಗೆ ಬಂದ ಮರಾಠಿಯಲ್ಲಿ ಎಲ್ಲವನ್ನೂ ಕೇಳಿದೆ. ಉಣ್ಣುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ನಗರಸೇವಕರು ಜೇಬಿನಿಂದ ಚೀಟಿ ತೆಗೆದು, "ನಿಮಗೆ ಏನೇನು ಬೇಕು, ಹೇಳಿ" ಎಂದು ಕೂತರು. ಎಲ್ಲ ಬರೆದುಕೊಂಡರು. ಈಗ ಮುಂದಿನ ಚುನಾವಣೆಗೆಂದು ಅವರು ಹಂಚುವ ಕರಪತ್ರದಲ್ಲಿ 'ಸಣ್ಣ ಅಂಗಡಿಗೆ ಒಂದೇ ಪರವಾನಗಿ' ಎಂಬ ಸಾಲು ಬಂದಿದೆ.

"ನಿನ್ನ ಮತ ದಂಡ ಆಗ್ಲಿಲ್ಲ ಬಿಡು" ಎಂದರು ಮನೆಯವರು. ನಾನು ಹಿಗ್ಗಲಿಲ್ಲ. ಕರಪತ್ರ ತೋರಿಸಿದರೆ ಲಾರಿ ನಿಲ್ಲುವುದಿಲ್ಲ.

ಚಪ್ಪಲಿ ಹೊಲಿಯುವ ಅಜ್ಜ ಈಗ ಮೇಲ್ಸೇತುವೆಯ ಕೆಳಗೆ, ಗಿರಾಕಿಯೇ ಸುಳಿಯದ ಜಾಗದಲ್ಲಿ ಕೂರುತ್ತಾನೆ. ಅವನ ಕ್ಷಮೆ ಕೇಳಬೇಕೆಂದೇ ಹೋದೆ.

"ಅಜ್ಜಾ, ನಾ ಟೀಚರಿಗೆ ಹಾಕಿದ್ದಕ್ಕ ನಿಮಗ ಹಿಂಗಾತು."

"ನಾನೂ ಅವ್ರಿಗೇ ಹಾಕಿದ್ನೆವ್ವಾ" ಎಂದ. "ಆದ್ರ ಇನ್ನ ಹಾಕೂದಿಲ್ಲ. ನಿನಗ ಅಂಗಡಿ ಉಳೀತು, ನೀ ಕಾಯಬಹುದು. ನನಗ ಕಾಯಾಕ ಎಲ್ಲಿ ಟೈಮ್ ಅದ?"

ಅವನ ಮೇಲೆ ಸಿಟ್ಟು ಬರಲಿಲ್ಲ. ಗೆಲ್ಲಬಲ್ಲ ಇಬ್ಬರಲ್ಲಿ ಯಾರು ಕಡಿಮೆ ಕೆಟ್ಟವರೆಂದು ಅಳೆಯುವ ಕೆಲಸವನ್ನು ಈ ವಯಸ್ಸಿನಲ್ಲಿ ಅವನ ತಲೆಗೆ ಕಟ್ಟಿದವರ ಮೇಲೆ ಬಂದ ಸಿಟ್ಟು ಮಾತ್ರ ಇಂದಿಗೂ ಇಳಿದಿಲ್ಲ.

ಮೊನ್ನೆ ಟೀಚರ್ ಬಂದು, ಮತ್ತೆ ನಿಲ್ಲುತ್ತೇನೆ ಎಂದರು. ನಾನು ನಿಮಗೇ ಹಾಕುತ್ತೇನೆ ಎಂದೆ. ಆದರೆ ಮೊದಲು ಸೇತುವೆ ಕೆಳಗೆ ಹೋಗಿ, ಆ ಅಜ್ಜನ ಎದುರು ಕೂತು ಮಾತಾಡಿ ಬನ್ನಿ ಎಂದೂ ಹೇಳಿದೆ.